ರಸ್ತೆಯ ಬೈಕಿನ ಏರ್‌ಬಾಕ್ಸಿಗೆ ತೂತು ಕೊರೆದರೆ ಅದು ರೇಸ್ ಬೈಕಿನ ಏರ್‌ಬಾಕ್ಸ್ ಆಗುತ್ತದೆಯೇ?

ಪ್ರಶ್ನೆ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 155 ಸಿಸಿಯ, ಫ್ಯೂಯೆಲ್ ಇಂಜೆಕ್ಷನ್ ಇರುವ ಒಂದೇ ಸಿಲಿಂಡರಿನ ಬೈಕ್ ಇದೆ. ವಾರವಿಡೀ ಅದು ಕಾಲೇಜಿಗೂ ಬಸವನ ಬಾಗೇವಾಡಿ ಕಡೆಯ ನಮ್ಮ ಹೊಲಕ್ಕೂ ಓಡಾಡುತ್ತದೆ. ಈ ಚಳಿಗಾಲದಲ್ಲಿ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಗೆ ಒಂದು ದಿನದ ಮಟ್ಟಿಗಾದರೂ ಅದನ್ನು ಒಯ್ಯಬೇಕೆಂಬ ಆಸೆ ನನಗಿದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಎಂಜಿನ್ನಿಗೆ ಹೋಗುವ ಗಾಳಿಯ ಪೆಟ್ಟಿಗೆಯಾದ ಏರ್‌ಬಾಕ್ಸಿನ ಮುಚ್ಚಳಕ್ಕೆ ನಾಲ್ಕು ತೂತು ಕೊರೆಯಬೇಕು, ಇಲ್ಲವೇ ಪೆಟ್ಟಿಗೆಯನ್ನೇ ತೆಗೆದು ಕೋನ್ ಫಿಲ್ಟರ್ (ಪೆಟ್ಟಿಗೆಯಿಲ್ಲದೆ ಬಯಲಿಗೇ ಕೂರುವ ಶಂಕುವಿನಾಕಾರದ ಫಿಲ್ಟರ್) ಹಾಕಬೇಕು, ರೇಸ್ ಬೈಕುಗಳೆಲ್ಲ ಹೀಗೆಯೇ ಇರುತ್ತವೆ ಎಂದು ಹೇಳುತ್ತಾರೆ. ಆದರೆ ತೂತು ಕೊರೆಸಿದ ನನ್ನ ಗೆಳೆಯನ ಬೈಕಿನಲ್ಲಿ ಸದ್ದು ಜೋರಾಗಿದೆಯೇ ಹೊರತು ಮಧ್ಯದ ವೇಗದಲ್ಲಿ ಪಿಕಪ್ ಕುಗ್ಗಿದೆ. ರಸ್ತೆಯ ಬೈಕಿಗೂ ರೇಸ್ ಬೈಕಿಗೂ ಏರ್‌ಬಾಕ್ಸಿನಲ್ಲಿ ನಿಜವಾಗಿ ಇರುವ ವ್ಯತ್ಯಾಸವೇನು?

ಉತ್ತರ 1 (ಬೆಳಗಾವಿ)

ರೇಸ್ ಬೈಕಿನ ಏರ್‌ಬಾಕ್ಸ್ ಹೆಚ್ಚು ತೆರೆದಿರುತ್ತದೆ ಎಂಬ ನಂಬಿಕೆಯೇ ತಪ್ಪು. ಅದು ರಸ್ತೆಯ ಬೈಕಿನದಕ್ಕಿಂತ ದೊಡ್ಡದು ನಿಜ, ಆದರೆ ಅದಕ್ಕಿಂತ ಬಿಗಿಯಾಗಿ ಮುಚ್ಚಿರುವಂಥದು. ಬೈಕಿನ ಮೂತಿಯಲ್ಲಿ, ಎದುರುಗಾಳಿಯ ಒತ್ತಡ ಅತಿ ಹೆಚ್ಚಾಗಿ ಬೀಳುವ ಜಾಗದಲ್ಲಿ, ಅದರ ಬಾಯಿ ಇರುತ್ತದೆ. ಅಲ್ಲಿಂದ ಅಗಲವಾಗುತ್ತ ಬರುವ ನಾಳದಲ್ಲಿ ಗಾಳಿ ತನ್ನ ವೇಗವನ್ನು ಕಳೆದುಕೊಂಡು, ಆ ವೇಗದ ಬದಲಿಗೆ ಒತ್ತಡವನ್ನು ಪಡೆದು ಪೆಟ್ಟಿಗೆಯನ್ನು ಸೇರುತ್ತದೆ. ಮುಚ್ಚಳದ ಅಂಚಿನಲ್ಲಿ ಸಣ್ಣ ಸೋರಿಕೆಯಿದ್ದರೂ ಈ ಗಳಿಕೆ ಹೊರಟುಹೋಗುತ್ತದೆ. ಈ ರ‍್ಯಾಮ್ ಏರ್ ವ್ಯವಸ್ಥೆಯನ್ನು ಸಾಮಾನ್ಯರಿಗೆ ಮಾರುವ ಬೈಕಿಗೆ ಮೊದಲು ತಂದದ್ದು 1990ರ ಕವಾಸಾಕಿ ಝಡ್‌ಝಡ್‌ಆರ್ 1100.

ಆ ಗಳಿಕೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಒತ್ತಡವು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಗಂಟೆಗೆ 300 ಕಿ.ಮೀ. ವೇಗದಲ್ಲಿ ಹೆಚ್ಚೆಂದರೆ ವಾತಾವರಣದ ಒತ್ತಡದ ಶೇ 4ರಷ್ಟು ಸಿಗುತ್ತದೆ, 200ರಲ್ಲಿ ಶೇ 2 ಕೂಡ ಸಿಗುವುದಿಲ್ಲ, 100ರಲ್ಲಿ ಅರ್ಧ ಶೇಕಡಾಕ್ಕಿಂತ ಕಡಿಮೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ನಮ್ಮ ಬೆಳಗಾವಿಯಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಶೇ 8ರಷ್ಟು ಕಡಿಮೆಯಿದೆ. ಅಂದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಬೈಕನ್ನು ಒಯ್ದು ನಿಲ್ಲಿಸಿದರೇ 300ರ ವೇಗದ ರ‍್ಯಾಮ್ ಏರ್ ಕೊಡುವುದಕ್ಕಿಂತ ಹೆಚ್ಚಿನ ಗಳಿಕೆಯಾಗುತ್ತದೆ.

ನಿಮ್ಮ ಬೈಕಿಗೆ ಸಂಬಂಧಿಸಿದಂತೆ ಮುಖ್ಯವಾದದ್ದು ಪೆಟ್ಟಿಗೆಯ ಗಾತ್ರ. ನಿಮ್ಮ ಎಂಜಿನ್ 9,000 ಆರ್‌ಪಿಎಂನಲ್ಲಿ ಎರಡು ಸುತ್ತಿಗೆ ಒಂದರಂತೆ ಸೆಕೆಂಡಿಗೆ 75 ಸಲ ಉಸಿರೆಳೆದುಕೊಳ್ಳುತ್ತದೆ. ಪೆಟ್ಟಿಗೆ 3 ಲೀಟರಿನದು ಎಂದೂ ಆ ಕ್ಷಣದಲ್ಲಿ ಹೊರಗಿನಿಂದ ಗಾಳಿ ಬರಲೇ ಇಲ್ಲ ಎಂದೂ ಇಟ್ಟುಕೊಂಡರೆ, ಒಂದೇ ಉಸಿರಿಗೆ ಒಳಗಿನ ಒತ್ತಡ ಶೇ 7ರಷ್ಟು ಕುಸಿಯುತ್ತದೆ. ಪೆಟ್ಟಿಗೆ 6 ಲೀಟರಿನದಾದರೆ ಕುಸಿತ ಅದರ ಅರ್ಧ. ರೇಸ್ ಬೈಕಿನ ವಿನ್ಯಾಸಕರು ಇಂಧನದ ಟ್ಯಾಂಕನ್ನು ಸೀಟಿನ ಕೆಳಗೆ ತಳ್ಳಿ ಎಂಜಿನ್ನಿನ ನೆತ್ತಿಯ ಮೇಲೆ ಪೆಟ್ಟಿಗೆಗೆ ಜಾಗ ಮಾಡಿಕೊಡುವುದು ಇದಕ್ಕಾಗಿಯೇ. ರಸ್ತೆಯ ಬೈಕಿನಲ್ಲಾದರೋ ಆ ಜಾಗವನ್ನು ಬ್ಯಾಟರಿ, ಟೂಲ್ ಕಿಟ್, ಹಿಂಬದಿ ಸವಾರನ ಸೀಟು ಎಲ್ಲವೂ ಹಂಚಿಕೊಳ್ಳಬೇಕು.

ಇನ್ನು ಪೆಟ್ಟಿಗೆಗೆ ಗಾಳಿ ತರುವ ಕೊಳವೆ, ಅಂದರೆ ಸ್ನಾರ್ಕೆಲ್. ಅದನ್ನು ಸದ್ದಡಗಿಸುವುದಕ್ಕೆ ಮಾತ್ರ ಇಟ್ಟಿದ್ದಾರೆಂದು ಬಹಳ ಜನ ತಿಳಿದಿದ್ದಾರೆ. ಬಾಟಲಿಯ ಬಾಯಿಗೆ ಊದಿದಾಗ ಒಂದು ನಿಶ್ಚಿತ ಸ್ವರ ಹೊರಡುವಂತೆ ಕೊಳವೆ ಮತ್ತು ಪೆಟ್ಟಿಗೆ ಕೂಡಿ ಒಂದು ಆವರ್ತನದಲ್ಲಿ ಮಿಡಿಯುತ್ತವೆ, ಆ ಮಿಡಿತ ಎಂಜಿನ್ನಿನ ಉಸಿರಾಟಕ್ಕೆ ಹೊಂದಿಕೊಂಡ ಕಡೆ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. ಉದಾಹರಣೆಗೆ 5 ಲೀಟರಿನ ಪೆಟ್ಟಿಗೆ, 8 ಚದರ ಸೆಂ.ಮೀ. ಬಾಯಿ, ಸುಮಾರು 12 ಸೆಂ.ಮೀ. ಪರಿಣಾಮಕಾರಿ ಉದ್ದದ ಕೊಳವೆ ಇದ್ದರೆ ಆ ಆವರ್ತನ ಸುಮಾರು 62 ಹರ್ಟ್ಸ್ ಆಗುತ್ತದೆ, ಒಂದು ಸಿಲಿಂಡರಿಗೆ ಅದು 7,500 ಆರ್‌ಪಿಎಂ ಆಸುಪಾಸಿಗೆ ಸಮ. ಕೊಳವೆಯನ್ನು ಕತ್ತರಿಸಿ ಉದ್ದವನ್ನು 5 ಸೆಂ.ಮೀ.ಗೆ ಇಳಿಸಿದರೆ ಅದು 11,600ಕ್ಕೆ ಜಿಗಿಯುತ್ತದೆ. ಮುಚ್ಚಳಕ್ಕೆ ತೂತು ಕೊರೆದರೂ ಇದೇ ದಿಕ್ಕಿನಲ್ಲಿ ಹೊಂದಾಣಿಕೆ ಕೆಡುತ್ತದೆ. ನಿಮ್ಮ ಗೆಳೆಯನ ಪಿಕಪ್ ಕುಗ್ಗಿದ್ದಕ್ಕೆ ಕಾರಣವನ್ನು ನಾನು ಇಲ್ಲಿಯೇ ಹುಡುಕುತ್ತೇನೆ.

ಉತ್ತರ 2 (ಬಾಗಲಕೋಟೆ)

ತಮ್ಮಾ, ಮೇಲೆ ಬರೆದವರ ಲೆಕ್ಕ ಸರಿಯಾಗಿದೆ. ಗ್ಯಾರೇಜಿನಲ್ಲಿ ಕಂಡದ್ದನ್ನು ನಾನು ಸೇರಿಸುತ್ತೇನೆ. ಬೇಸಿಗೆಯಲ್ಲಿ ಎರೆಹೊಲದ ದಾರಿಯ ಧೂಳು, ಇಳಕಲ್ ಕಡೆಯ ಗ್ರಾನೈಟ್ ಪುಡಿ, ಇವೆರಡೂ ನಮ್ಮ ಭಾಗದ ಬೈಕುಗಳ ಹಣೆಬರಹ. ಗ್ರಾನೈಟಿನಲ್ಲಿರುವ ಬೆಣಚು ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಅಗ್ಗದ ಕೋನ್ ಫಿಲ್ಟರ್ ಹಾಕಿಸಿಕೊಂಡು ಹೊಗೆ ಬರುತ್ತದೆಂದು ನನ್ನಲ್ಲಿಗೆ ತಂದಿದ್ದ ಒಂದು ಬೈಕನ್ನು ಬಿಚ್ಚಿದಾಗ ಸಿಲಿಂಡರಿನ ಒಳಗೋಡೆಯ ಮೇಲೆ ಉದ್ದುದ್ದ ಗೀರುಗಳಿದ್ದವು, ಗಾಳಿ ಒಳಹೋಗುವ ಪೋರ್ಟಿನೊಳಗೆ ಬೆರಳಿಟ್ಟರೆ ಧೂಳು ಹತ್ತುತ್ತಿತ್ತು. ಟ್ರ್ಯಾಕಿನ ಡಾಂಬರು ಸ್ವಚ್ಛ, ರೇಸ್ ಎಂಜಿನ್ನುಗಳನ್ನು ಲೆಕ್ಕವಿಟ್ಟು ಬಿಚ್ಚಿ ಕಟ್ಟುತ್ತಾರೆ. ನಿನ್ನ ಎಂಜಿನ್ ವರ್ಷಗಟ್ಟಲೆ ಬಾಳಬೇಕು.

ಇನ್ನೊಂದು ವಿಷಯ. ಪೆಟ್ಟಿಗೆ ತೆಗೆದು ಬರೀ ಕೋನ್ ಇಟ್ಟರೆ ಅದು ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಗಾಳಿ 35 ಡಿಗ್ರಿಯಿಂದ 55 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಶೇ 6ರಷ್ಟು ಇಳಿಯುತ್ತದೆ. ಕ್ರ್ಯಾಂಕ್‌ಕೇಸಿನ ಉಸಿರುಕೊಳವೆ (ಎಂಜಿನ್ನಿನ ತಳದ ಎಣ್ಣೆಯ ಆವಿಯನ್ನು ಹೊರಬಿಡುವ ಕೊಳವೆ) ಕೂಡ ಆ ಪೆಟ್ಟಿಗೆಗೇ ಸೇರಿರುತ್ತದೆ ಎಂಬುದನ್ನು ಮರೆಯಬೇಡ. ಅಂತರರಾಷ್ಟ್ರೀಯ ಸೂಪರ್‌ಬೈಕ್ ನಿಯಮಗಳಲ್ಲಿಯೂ ಆ ಕೊಳವೆ ಏರ್‌ಬಾಕ್ಸಿನೊಳಗೇ ಬಿಡಬೇಕು, ಪೆಟ್ಟಿಗೆಯ ತಳದ ತೂತುಗಳನ್ನು ಮುಚ್ಚಿರಬೇಕು ಎಂದಿದೆ, ಏಕೆಂದರೆ ಹೊರಬಿದ್ದ ಎಣ್ಣೆ ಹಿಂದಿನ ಟೈರಿಗೆ ತಗುಲಿದರೆ ಸವಾರ ಬೀಳುತ್ತಾನೆ. ಕೊರೆದ ಪೆಟ್ಟಿಗೆಯನ್ನು ಟ್ರ್ಯಾಕಿಗೆ ಒಯ್ಯಬೇಡ ಎಂದು ನಾನು ಹೇಳುವುದಕ್ಕೆ ಇದೇ ದೊಡ್ಡ ಕಾರಣ.

ಮರುಪ್ರಶ್ನೆ (ವಿಜಯಪುರ)

ಕಾಕಾ, ಇಬ್ಬರಿಗೂ ಧನ್ಯವಾದಗಳು. ಗಾಳಿ ಹೆಚ್ಚಾದರೆ ಇಸಿಯು (ಇಂಜೆಕ್ಷನ್ ನಡೆಸುವ ಕಂಪ್ಯೂಟರ್) ತಾನೇ ಪೆಟ್ರೋಲ್ ಹೆಚ್ಚಿಸಿಕೊಳ್ಳುತ್ತದೆ ಎಂದು ಗೆಳೆಯ ವಾದಿಸುತ್ತಾನೆ. ಅದು ನಿಜವೇ? ಟ್ರ್ಯಾಕಿಗೆ ಹೋಗುವ ಮುಂಚೆ ನಾನು ಏನು ಮಾಡಬಹುದು?

ಉತ್ತರ 3 (ಬೆಳಗಾವಿ)

ಅರ್ಧ ನಿಜ. ಒಂದೇ ವೇಗದಲ್ಲಿ ಸಾಗುವಾಗ ಇಸಿಯು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರನ್ನು ನೋಡಿ ಮಿಶ್ರಣ ತಿದ್ದಿಕೊಳ್ಳುತ್ತದೆ, ಆದರೆ ಥ್ರಾಟಲನ್ನು ಪೂರ್ತಿ ತಿರುಗಿಸಿದಾಗ ಸಾಮಾನ್ಯವಾಗಿ ಮೊದಲೇ ಬರೆದಿಟ್ಟ ನಕ್ಷೆಯ ಪ್ರಕಾರವೇ ಪೆಟ್ರೋಲ್ ಬಿಡುತ್ತದೆ. ಆ ನಕ್ಷೆ ಮೂಲ ಏರ್‌ಬಾಕ್ಸಿಗಾಗಿ ಬರೆದದ್ದು. ಟ್ರ್ಯಾಕಿನಲ್ಲಿ ನೀವು ಹೆಚ್ಚು ಹೊತ್ತು ಇರುವುದು ಪೂರ್ತಿ ಥ್ರಾಟಲಿನಲ್ಲಿಯೇ ಆದ್ದರಿಂದ ಮಿಶ್ರಣ ತೆಳುವಾದರೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದಿದ್ದರೆ, ಎಂಜಿನ್ ಅಲ್ಲಿಯೇ ವಿಪರೀತ ಬಿಸಿಯಾಗುತ್ತದೆ.

ಹೊಸ ಕಾಗದದ ಫಿಲ್ಟರ್ ಹಾಕಿಸಿ. ಮುಚ್ಚಳದ ರಬ್ಬರ್ ಸೀಲ್ ಹರಿದಿದೆಯೇ, ಪೆಟ್ಟಿಗೆಯಿಂದ ಥ್ರಾಟಲ್ ಬಾಡಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದೆಯೇ, ಅದರ ಕ್ಲಿಪ್ ಬಿಗಿಯಾಗಿದೆಯೇ ಎಂದು ಬೆಳಕು ಹಿಡಿದು ನೋಡಿ. ತಳದ ಡ್ರೈನ್ ಕೊಳವೆಯಲ್ಲಿ ಕೂಡಿದ ಎಣ್ಣೆಯನ್ನು ಬಸಿದು ಅದರ ಬಿರಡೆಯನ್ನು ಮರಳಿ ಹಾಕಿ. ನಿಮ್ಮ ಗೆಳೆಯನಿಗೆ ಹೊಸ ಮುಚ್ಚಳ ತರಿಸಲು ಹೇಳಿ, ತೂತುಗಳಿಗೆ ಟೇಪ್ ಅಂಟಿಸಿದರೆ ಅದು ಎಂಜಿನ್ನಿನ ಕಾವಿಗೆ ಬಿಟ್ಟುಕೊಳ್ಳುತ್ತದೆ.