ವಾರಕ್ಕೊಂದೇ ದಿನ ಬಾಡು ಮಾಡುವವರು ಹೇಗೆ ನಿಭಾಯಿಸುತ್ತೀರಿ?

ಕುವೆಂಪುನಗರದಿಂದ:
ನಾನು ಮಂಡ್ಯ ಕಡೆಯ ಹಳ್ಳಿಯವಳು. ನಾವು ಚಿಕ್ಕವರಿದ್ದಾಗ ಬಾಡು ಅಂದರೆ ಯುಗಾದಿ ಮಾರನೆ ದಿನದ ಹೊಸತೊಡಕು, ಊರಹಬ್ಬ, ಇಲ್ಲವೇ ನೆಂಟರು ಬಂದ ದಿನ. ಈಗ ಮೈಸೂರಿನ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಬ್ರಾಯ್ಲರ್ ಕೋಳಿ. ಬಸ್ಸಾರು ಮಾಡಿದರೆ ಮಕ್ಕಳು ತಟ್ಟೆ ತಳ್ಳುತ್ತಾರೆ.

ಹೋದ ಭಾನುವಾರ ಒಂದು ಅಂಗಡಿಯಲ್ಲಿ ಬನ್ನೂರು ಕುರಿ ಅಂತ ಜಾಸ್ತಿ ದುಡ್ಡು ತೆಗೆದುಕೊಂಡರು. ಯಾವ ಊರಿಂದ ಬಂತು ಅಂದರೆ ಉತ್ತರ ಇಲ್ಲ. ಪಕ್ಕದಲ್ಲೇ ಇನ್ನೊಂದು ಕುರಿಯನ್ನು ಗಿಡ್ಡ ಹಗ್ಗದಲ್ಲಿ ಬಿಸಿಲಿಗೆ ಕಟ್ಟಿದ್ದರು. ನನ್ನ ಬಾಟಲಿ ನೀರನ್ನು ಡಬ್ಬಿಗೆ ಸುರಿದು ಇಟ್ಟೆ. ತಲೆ ಎತ್ತದೆ ಕುಡಿಯಿತು, ಖಾಲಿಯಾದ ಮೇಲೂ ಡಬ್ಬಿ ನೆಕ್ಕುತ್ತಲೇ ಇತ್ತು. ಅವತ್ತು ನನಗೆ ಊಟ ಸೇರಲಿಲ್ಲ.

ಬಾಡು ಬಿಡುವ ಯೋಚನೆ ಇಲ್ಲ. ಕಡಿಮೆ ತಿನ್ನಬೇಕು, ತಿಂದದ್ದು ಎಲ್ಲಿಯದು ಅಂತ ಗೊತ್ತಿರಬೇಕು. ದಾರಿ ಹೇಳಿ.

ಮಳವಳ್ಳಿ ಕಡೆಯ ರೈತ:
ಅಕ್ಕಾ, ಬನ್ನೂರು ಕುರಿ ಅನ್ನುವ ಆ ತಳಿ ನಿಜಕ್ಕೂ ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರಿನದು. ಬನ್ನೂರು ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ. ಕುರಿ ಗಿಡ್ಡ, ಕಾಲು ಮೋಟು, ಕೊಂಬಿಲ್ಲ. ಹಿಂದೆ ನಿಂತು ನೋಡಿದರೆ ತುಂಬಿದ ತೊಡೆಗಳ ನಡುವೆ ಕಮಾನಿನ ಆಕಾರ ಕಾಣುತ್ತದೆ. ಚರ್ಮ ಸುಲಿದು ನೇತುಹಾಕಿದ ಮೇಲೆ ನಾನೂ ಗುರುತು ಹಿಡಿಯಲಾರೆ. ಬೆರಕೆಯೇ ಈಗ ಜಾಸ್ತಿ.

ಊರಲ್ಲಿ ನಾವು ಗುಡ್ಡೆ ಬಾಡು ಮಾಡುತ್ತೇವೆ. ಹತ್ತು ಮನೆಯವರು ಸೇರಿ, ಸಾಕಿದವನ ಹತ್ತಿರವೇ ಒಂದು ಕುರಿ ಕೊಳ್ಳುತ್ತೇವೆ. ಈಲಿ, ಬೋಟಿ, ಮೂಳೆ ಎಲ್ಲ ಪಾಲಾಗಿ ಬಾಳೆಲೆ ಮೇಲೆ ಗುಡ್ಡೆ ಬೀಳುತ್ತದೆ. ಒಂದು ಚೂರೂ ದಂಡವಿಲ್ಲ. ನಿಮ್ಮ ತವರಲ್ಲಿ ಒಂದು ಗುಡ್ಡೆ ಹೇಳಿಡಿ. ನೀರು ಕೊಡದ ಅಂಗಡಿಗೆ ಮತ್ತೆ ಹೋಗಬೇಡಿ, ಯಾಕೆ ಅಂತ ಅವರಿಗೆ ಹೇಳಿಯೇ ಬಿಡಿ.

ಶ್ರೀರಂಗಪಟ್ಟಣದಿಂದ, ಕೋಳಿ ಸಾಕುವವನು:
ಬ್ರಾಯ್ಲರ್‌ಗೆ ಹಾರ್ಮೋನ್ ಚುಚ್ಚುತ್ತಾರೆ ಅನ್ನುವುದು ಸುಳ್ಳು. ಆ ತಳಿಯೇ ಹಾಗೆ, ಆರು ವಾರಕ್ಕೆ ಎರಡು ಕೆಜಿ ತೂಗುತ್ತದೆ. ಕೇಳಬೇಕಾದದ್ದು ಆಂಟಿಬಯಾಟಿಕ್ ಬಗ್ಗೆ. ಮನುಷ್ಯರಿಗೆ ಬೇರೆ ಔಷಧಿ ನಾಟದಿದ್ದಾಗ ಕೊಡುವ ಕೊಲಿಸ್ಟಿನ್ ಅನ್ನು ಕೋಳಿಗೂ ಹಾಕುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಇನ್ನೊಂದು ಮಾತು, ಗಿರಿರಾಜ ಅನ್ನುವ ಸುಧಾರಿತ ತಳಿಯ ಕೋಳಿಯನ್ನೇ ನಾಟಿ ಅಂತ ಮಾರುವವರಿದ್ದಾರೆ. ಕೋಳಿ ಚೆನ್ನಾಗಿದೆ, ಆದರೆ ನಾಟಿ ರೇಟು ಕೊಡಬೇಡಿ.

ಮಂಡ್ಯದ ಅಜ್ಜಿ:
ಮುದ್ದೆಗೆ ಬೇಕಾದದ್ದು ಸಾರು ಕಣಮ್ಮ, ತುಂಡಲ್ಲ. ಐದು ಜನಕ್ಕೆ ಅರ್ಧ ಕೆಜಿ ಮೂಳೆ ಬಾಡು ಸಾಕು. ಈರುಳ್ಳಿ, ಅರಿಶಿನ ಹಾಕಿ ಮೂಳೆಯನ್ನು ಚೆನ್ನಾಗಿ ಬೇಯಿಸು. ಖಾರ ರುಬ್ಬಿ ಹಾಕಿ, ಕುದಿ ಬಂದ ಮೇಲೆ ಹಿತಕಿದ ಅವರೆಬೇಳೆ ಹಾಕು. ಬೇಳೆ ಆ ರಸವನ್ನೆಲ್ಲ ಹೀರುತ್ತದೆ. ಅವರೆ ಸಿಗದ ಕಾಲದಲ್ಲಿ ಮೊಳಕೆ ಹುರುಳಿಕಾಳು. ನಮ್ಮತ್ತೆ ಸೋಮವಾರ, ಶನಿವಾರ, ಇಡೀ ಶ್ರಾವಣ ಬಾಡಿನ ಪಾತ್ರೆಯನ್ನೇ ಮುಟ್ಟುತ್ತಿರಲಿಲ್ಲ. ಮಕ್ಕಳನ್ನು ಅವರೆ ಹಿತುಕಲು ಕೂರಿಸು, ತಾವೇ ಹಿತುಕಿದ್ದನ್ನು ಬೇಡ ಅನ್ನುವುದಿಲ್ಲ.

ಕುವೆಂಪುನಗರದಿಂದ:
ಅಜ್ಜಿ, ಈ ಭಾನುವಾರ ಹಾಗೇ ಮಾಡಿದೆ. ಚಿಕ್ಕವನು ನೆನೆಸಿದ ಅವರೆ ಹಿತುಕುತ್ತಾ ಅಡುಗೆಮನೆ ಗೋಡೆಗೆಲ್ಲ ಹಾರಿಸಿದ. ಊಟಕ್ಕೆ ಕೂತು ಮೂರು ಸಲ ಸಾರು ಬಿಡಿಸಿಕೊಂಡ, ತುಂಡು ಕೇಳಲಿಲ್ಲ. ಅಣ್ಣನಿಗೂ ಫೋನ್ ಮಾಡಿದೆ. ಹೊಸತೊಡಕಿಗೆ ಊರಲ್ಲಿ ನನ್ನ ಹೆಸರಿಗೆ ಒಂದು ಗುಡ್ಡೆ ಬರೆಸಿದ್ದಾನೆ.