ಅಡಿಕೆ ಮರದಡಿ ಇಟ್ಟ ಮೆಟಾಲಿಕಾ ಪಾಮ್ ಸೊರಗುತ್ತಿದೆ, ಎಲೆ ಮೇಲೆ ನೀಲಿ ಚುಕ್ಕೆ

ಗಿಡದ ಹುಚ್ಚಿ, ತೀರ್ಥಹಳ್ಳಿ:
ನನ್ನ ಹತ್ತಿರ ಒಂದು ಕಮಡೋರಿಯಾ ಮೆಟಾಲಿಕಾ ಇದೆ, ಎರಡಡಿ ಎತ್ತರ. ನೆರಳಿನ ಗಿಡ ಅಲ್ವಾ ಅಂತ ಜೂನ್‌ನಲ್ಲಿ ಕುಂಡವನ್ನು ಜಗಲಿಯಿಂದ ಎತ್ತಿ ತೋಟದಲ್ಲಿಟ್ಟೆ. ಈಗ ಕೆಳಗಿನ ಎರಡು ಎಲೆ ಹಳದಿಯಾಗಿ ಜೋತುಬಿದ್ದಿವೆ. ಉಳಿದವುಗಳ ಮೇಲೆ ತಿಳಿನೀಲಿ ಚುಕ್ಕೆ. ಫಂಗಸ್ ಅಂತ ಬೇವಿನೆಣ್ಣೆ ಹೊಡೆದೆ, ಒಂದು ಚಮಚ ಗೊಬ್ಬರವನ್ನೂ ಕೊಟ್ಟೆ. ಉಪಯೋಗವಾಗಲಿಲ್ಲ. ಕುಂಡದಲ್ಲಿರುವುದು ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಅರ್ಧ ಅರ್ಧ.

ಕಾನುಮನೆ, ಹೊಸನಗರ:
ಮೊದಲು ಗೊಬ್ಬರ ನಿಲ್ಲಿಸಿ ಅಕ್ಕ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಹೊಡೆಸಿದ್ದೀರಲ್ಲ? ಮೇಲಿನ ಅಡಿಕೆ ಗೊಂಚಲಿಗೆ ಹೊಡೆದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕೆಳಗೆ ತೊಟ್ಟಿಕ್ಕಿ ಒಣಗಿದ್ದೇ ಆ ಚುಕ್ಕೆ ಇರಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ.

ಹಳದಿ ಎಲೆಯ ಕಥೆ ಬೇರೆ. ಇದು ಮೆಕ್ಸಿಕೋದ ಮಳೆಕಾಡಿನ ಗಿಡ, ಮಳೆ ಅದಕ್ಕೆ ಹೊಸದಲ್ಲ. ಆದರೆ ಅಲ್ಲಿ ಬೇರಿಗೆ ಕುಂಡದ ಗೋಡೆ ಇಲ್ಲ. ನಾರಿನ ಪುಡಿ ನಮ್ಮ ಮಳೆಗಾಲದ ಜಡಿಮಳೆಗೆ ಸಿಕ್ಕರೆ ಸ್ಪಂಜಿನ ಹಾಗೆ ನೀರು ಹಿಡಿದು ಕೂರುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಗಿಡ ಕಿತ್ತು ಬೇರು ನೋಡಿ. ಸುಳಿಯನ್ನು, ಅಂದರೆ ನಡುವೆ ಇನ್ನೂ ಬಿಚ್ಚದ ಎಳೆ ಎಲೆಯನ್ನು, ಮೆಲ್ಲಗೆ ಎಳೆದೂ ನೋಡಿ. ಅಡಿಕೆ ಹಾಗೇ ಇದಕ್ಕೂ ಒಂದೇ ಸುಳಿ, ಅದು ಕೈಗೆ ಬಂದು ವಾಸನೆ ಹೊಡೆದರೆ ಆಸೆ ಬಿಟ್ಟುಬಿಡಿ.

ಗಿಡದ ಹುಚ್ಚಿ:
ಚುಕ್ಕೆ ಒರೆಸಿದರೆ ಹೋಯ್ತು ಮಾರಾಯ್ರೆ! ಸುಳಿ ಗಟ್ಟಿ ಇದೆ. ಬೇರು ಮಾತ್ರ ಅರ್ಧಕ್ಕರ್ಧ ಕಂದು. ಹಿಡಿದು ಎಳೆದರೆ ಸಿಪ್ಪೆ ಜಾರಿ ಬೆರಳಲ್ಲಿ ಬರುತ್ತೆ, ಒಳಗೆ ದಾರದಂಥ ಎಳೆ ಉಳಿಯುತ್ತೆ.

ಕಾನುಮನೆ:
ಹಾಗಾದರೆ ಉಳಿಯಬಹುದು. ಕೊಳೆತದ್ದನ್ನು ಕತ್ತರಿಸಿ, ಬಿಳಿ ಬೇರು ಮುಟ್ಟಬೇಡಿ. ಪಾಪ ಅಂತ ದೊಡ್ಡ ಕುಂಡ ಕೊಡಬೇಡಿ, ಉಳಿದ ಬೇರಿಗೆ ಸಾಕಾಗುವಷ್ಟು ಚಿಕ್ಕದೇ ಇರಲಿ. ಸಣ್ಣ ಜಲ್ಲಿ, ಇದ್ದಿಲಿನ ಚೂರು ಜಾಸ್ತಿ, ಚೆನ್ನಾಗಿ ಕಳಿತ ದರಕು (ಉದುರಿದ ಒಣ ಎಲೆ) ಸ್ವಲ್ಪ. ಜಗಲಿ ಮೇಲೆ, ಸೂರಿನ ನೀರು ಬೀಳದ ಕಡೆ ಇಡಿ. ಕುಂಡದಡಿ ತಟ್ಟೆ ಬೇಡ. ಸುಳಿಗೂ ಪಕ್ಕದ ದಂಟಿಗೂ ಸೇರಿಸಿ ಪೆನ್ನಿನಲ್ಲಿ ಅಡ್ಡ ಗೆರೆ ಎಳೆದಿಡಿ. ಗೆರೆ ಮುರಿದರೆ ಸುಳಿ ಏಳುತ್ತಿದೆ ಅಂತ. ದಿನಾ ಹೋಗಿ ಅಲ್ಲಾಡಿಸಬೇಡಿ, ನಾನು ಒಂದು ಗಿಡ ಹಾಗೇ ಕೊಂದಿದ್ದೇನೆ.

ಗಿಡದ ಹುಚ್ಚಿ (ಆರು ವಾರದ ನಂತರ):
ಇನ್ನೊಂದು ಎಲೆ ಹೋಯ್ತು. ಆದರೆ ಸುಳಿಯ ಗೆರೆ ದಂಟಿನ ಗೆರೆಗಿಂತ ಒಂದು ಅಕ್ಕಿಕಾಳಿನಷ್ಟು ಮೇಲಿದೆ. ನಮ್ಮವರಿಗೆ ತೋರಿಸಿದೆ, ಕನ್ನಡಕ ಹಾಕಿಕೊಂಡು ನೋಡಿ ಹೂಂ ಅಂದರು.