ಲಿಲಿಗೆ ‘ನೈದಿಲೆ’ ಸರಿಯೇ? (ಪ್ರದರ್ಶನದ ಫಲಕಕ್ಕೆ, ತುರ್ತು)

> ಚಿಕ್ಕಬಳ್ಳಾಪುರದಲ್ಲಿ ಶಾಲೆ ಮಕ್ಕಳಿಗೆ ಚಿತ್ರ, ಫೋಟೋಗಳ ಪ್ರದರ್ಶನ ಇಡುತ್ತಿದ್ದೇವೆ. ಫ್ರೆಂಚ್ ಚಿತ್ರಕಾರ ಮೊನೆ, ಇಟಲಿಯ ಚಿತ್ರಕಾರ ಲಿಯೊನಾರ್ಡೊ, ಅಮೆರಿಕದ ಛಾಯಾಗ್ರಾಹಕಿ ಇಮೊಜೆನ್ ಕನಿಂಗ್‌ಹ್ಯಾಮ್ ಮೂವರದರಲ್ಲೂ ಲಿಲಿ ಇದೆ. ಎಲ್ಲದಕ್ಕೂ ‘ನೈದಿಲೆ’ ಅಂತ ಹಾಕಬಹುದಾ? ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು.

ಬೇಡ. ಮೂರೂ ಬೇರೆ ಬೇರೆ ಹೂ.

ಮೊನೆಯದು ಮಾತ್ರ ನೈದಿಲೆ. ಫ್ರಾನ್ಸಿನ ಜಿವರ್ನಿ ಊರಿನ ತನ್ನ ತೋಟದ ಕೊಳದ ನೈದಿಲೆಗಳನ್ನೇ ಸುಮಾರು 250 ಸಲ ಬಿಡಿಸಿದ. ತಾವರೆ ಅಂತಲೂ ಬರೆಯಬೇಡಿ. ಎಲೆ ನೋಡಿ. ನೈದಿಲೆ ಎಲೆ ನೀರಿನ ಮೇಲೆ ಮಲಗಿರುತ್ತದೆ, ಅಂಚಿನಿಂದ ತೊಟ್ಟಿನ ತನಕ ಸೀಳಿರುತ್ತದೆ. ತಾವರೆ ಎಲೆಗೆ ಆ ಸೀಳಿಲ್ಲ, ನೀರು ಬಿಟ್ಟು ಮೇಲೆದ್ದು ನಿಲ್ಲುತ್ತದೆ. ಹಳಗನ್ನಡದ ನೆಯ್ದಿಲ್, ತಮಿಳಿನ ನೆಯ್ದಲ್ ಒಂದೇ ಬೇರಿನ ಪದಗಳು. ಇಷ್ಟು ಹಳೆಯ ಪದವನ್ನು ಸಿಕ್ಕ ಹೂವಿಗೆಲ್ಲ ಅಂಟಿಸಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಲಿಯೊನಾರ್ಡೊ ಚಿತ್ರದಲ್ಲಿ, ಯೇಸು ಹುಟ್ಟುವ ಸುದ್ದಿಯನ್ನು ತಾಯಿ ಮೇರಿಗೆ ತಂದ ದೇವದೂತನ ಕೈಯಲ್ಲಿರುವುದು ನೆಲದ ಗಿಡ, ಗೆಡ್ಡೆಯಿಂದ ಏಳುವ ಬಿಳಿ ಲಿಲಿ. ಮೇರಿಯ ಪಾವಿತ್ರ್ಯದ ಗುರುತು ಅದು. ‘ಬಿಳಿ ಲಿಲಿ’ ಅಂತಲೇ ಇರಲಿ. ಇದೇ ಪ್ರಶ್ನೆಗೆ ಇನ್ನೊಬ್ಬರು ಈ ಹೂವಿಗೆ ‘ಸುಗಂಧರಾಜ’ ಅಂತ ಹಾಕಿ ಅಂದಿದ್ದಾರೆ. ಆಗುವುದಿಲ್ಲ. ಅದು ಮೆಕ್ಸಿಕೊ ಮೂಲದ ಗಿಡ, ಇದು 1470ರ ದಶಕದ ಇಟಲಿಯ ಚಿತ್ರ. ಆಗಿನ್ನೂ ಆ ಗಿಡ ಯುರೋಪಿಗೆ ಬಂದಿರಲಿಲ್ಲ.

ಕನಿಂಗ್‌ಹ್ಯಾಮ್ 1920ರ ದಶಕದಲ್ಲಿ ತೆಗೆದದ್ದು ಕ್ಯಾಲಾ. ಹೆಸರಿಗೆ ಲಿಲಿ, ಬಳಗ ನಮ್ಮ ಕೆಸುವಿನದು. ಆ ಬಿಳಿ ಸುರುಳಿ ಎಸಳಲ್ಲ, ರೂಪ ಬದಲಿಸಿದ ಎಲೆ. ನಡುವಿನ ಹಳದಿ ದಿಂಡಿನ ತುಂಬ ಇರುವ ಸಣ್ಣ ಸಣ್ಣವೇ ನಿಜವಾದ ಹೂ. ಫೋಟೋ ಕಪ್ಪು ಬಿಳುಪಿನದು, ಆದರೂ ಸುರುಳಿಯ ಅಂಚು ಬೆಳಕಿನಿಂದ ನೆರಳಿಗೆ ಹೊರಳುವುದನ್ನು ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ‘ಕ್ಯಾಲಾ ಹೂ’ ಸಾಕು.

ಲಿಲಿ ಇಂಗ್ಲಿಷ್ ಪದ, ಬೇಡ ಅನ್ನುವವರಿಗೆ ಒಂದು ಮಾತು. ಗುಲಾಬಿ ಪಾರಸಿಯಿಂದ ಬಂತು, ಚಾವಿ ಪೋರ್ಚುಗೀಸಿನಿಂದ. ಎರಡೂ ಇಲ್ಲದೆ ನೀವು ದಿನ ಕಳೆಯುವುದಿಲ್ಲ, ಅಲ್ವಾ? ಚಿಕ್ಕಬಳ್ಳಾಪುರದ ಕಡೆ ಹೂ ಬೆಳೆಯುವವರು ರೋಜಾ, ಜರ್ಬೆರಾ ಅಂತಲೇ ಹೇಳುತ್ತಾರೆ. ಬೆಳೆದು ಮಾರುವವರ ಬಾಯಲ್ಲಿ ಇರುವುದು ಕನ್ನಡವೇ. ‘ಶ್ವೇತಕುಸುಮ’ ಅಂತ ಸುಮ್ನೆ ಸಂಸ್ಕೃತ ಜೋಡಿಸಿ ಅದನ್ನು ಅಚ್ಚಗನ್ನಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಲ್ಲಿಗೆಯೂ ಶ್ವೇತಕುಸುಮವೇ.

ಪ್ರಿಂಟಿಗೆ ಮುಂಚೆ ಕರಡು ಇಲ್ಲಿ ಹಾಕಿ, ತಿದ್ದಿ ಕೊಡುತ್ತೇನೆ.